ಇನ್ನಾ, ಆನ್ನಾ, ಅಟ್ಟಾ? ಕನ್ನಡದ ಕೊನೆಯಕ್ಷರ ಹಿಡಿದು ಇಂಗ್ಲಿಷ್ ಬರೆಯುವ ದಾರಿ

ನಾನು ಚಿಕ್ಕಮಗಳೂರಿನ ಆಲ್ದೂರು ಕಡೆ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕಪತ್ರ ಬರೆಯುವ ಗುಮಾಸ್ತ. ಹತ್ತೊಂಬತ್ತು ವರ್ಷವಾಯಿತು. ಆಳುಗಳ ಹಾಜರಿ, ವಾರದ ಬಟವಾಡೆ, ಗೊಬ್ಬರದ ಲೆಕ್ಕ ಎಲ್ಲ ಕನ್ನಡದಲ್ಲೇ ನಡೆಯುತ್ತದೆ. ಆದರೆ ಕ್ಯೂರಿಂಗ್ ವರ್ಕ್ಸ್ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಾರ್ಖಾನೆ), ಬ್ಯಾಂಕು, ಇನ್ಶೂರೆನ್ಸ್, ಹೊರಗಿನ ಖರೀದಿದಾರರು, ಇವರಿಗೆಲ್ಲ ಹೋಗುವ ಪತ್ರ ಇಂಗ್ಲಿಷ್‌ನಲ್ಲೇ ಇರಬೇಕು. ಅದನ್ನು ಬರೆಯುವವನು ನಾನೇ.

ಕೆಲಸಕ್ಕೆ ಸೇರಿದ ಎರಡನೇ ವರ್ಷದ ಕೊಯ್ಲು. ಕಣದಲ್ಲಿ ಹರಡಿದ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ತೊಳೆದ, ಒಳಪೊರೆ ಇರುವ ಕಾಫಿ ಬೀಜ) ಚೆನ್ನಾಗಿ ಒಣಗಿತ್ತು. ಬೀಜ ಕಚ್ಚಿದರೆ ಹಲ್ಲು ಇಳಿಯುತ್ತಿರಲಿಲ್ಲ. ಒಬ್ಬ ಖರೀದಿದಾರರಿಗೆ ನಾನು ಮೇಲ್ ಹಾಕಿದೆ: 'ದಿ ಮಾಯಿಶ್ಚರ್ ಹ್ಯಾಸ್ ಬೀನ್ ರೆಡ್ಯೂಸ್ಡ್ ಬೈ ಟೆನ್ ಪರ್ಸೆಂಟ್.' ಮಧ್ಯಾಹ್ನವೇ ಫೋನ್ ಬಂತು. 'ಏನ್ರೀ, ಇನ್ನೂ ಹಸಿ ಮಾಲು ಕಳಿಸ್ತೀರಾ? ಲಾರಿ ಈಗ ಬೇಡ, ನಿಲ್ಲಿಸಿ' ಅಂದರು.

ನನಗೆ ಏನೂ ಅರ್ಥವಾಗಲಿಲ್ಲ. ಪತ್ರವನ್ನು ನಾಲ್ಕು ಸಲ ಓದಿದೆ. ಸ್ಪೆಲ್ಲಿಂಗ್ ಸರಿ ಇದೆ, ವಾಕ್ಯವೂ ಸರಿ ಇದೆ ಅನ್ನಿಸಿತು. ಕೊನೆಗೆ ಸಾಹುಕಾರರ ಮಗ ಬಂದು ಒಂದೇ ಪದದ ಮೇಲೆ ಬೆರಳಿಟ್ಟರು. 'ಬೈ' ಇರುವ ಕಡೆ 'ಟು' ಇರಬೇಕಿತ್ತು.

ತೊಳೆದು ಕಣಕ್ಕೆ ಹಾಕುವಾಗ ಪಾರ್ಚ್‌ಮೆಂಟ್‌ನಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ಅದು ಶೇ. 10ಕ್ಕೆ ಇಳಿಯಬೇಕು. ನಾನು ಬರೆದದ್ದು ಶೇ. 10ರಷ್ಟು ಇಳಿದಿದೆ ಅಂತ. ಓದಿದವರ ಲೆಕ್ಕದಲ್ಲಿ ನಮ್ಮ ಮಾಲು ಇನ್ನೂ ಒದ್ದೆ ಮುದ್ದೆ. ಲಾರಿ ಎರಡು ದಿನ ತಡವಾಗಿ ಹೊರಟಿತು.

ಅವತ್ತು ರಾತ್ರಿ ಆ ವಾಕ್ಯವನ್ನು ಕನ್ನಡದಲ್ಲಿ ಬರೆದು ನೋಡಿದೆ. 'ತೇವ ಹತ್ತಕ್ಕೆ ಇಳಿದಿದೆ.' 'ತೇವ ಹತ್ತು ಇಳಿದಿದೆ.' ಕನ್ನಡದಲ್ಲಿ ನಾನು ಈ ಎರಡನ್ನು ಯಾವತ್ತೂ ಕಲಸಿಕೊಳ್ಳುವುದಿಲ್ಲ. 'ಕ್ಕೆ' ಇದ್ದರೆ 'ಟು', ಇಲ್ಲದಿದ್ದರೆ 'ಬೈ'. ಉತ್ತರ ನನ್ನ ಬಾಯಲ್ಲೇ ಇತ್ತು. ನಾನು ಅದನ್ನು ಕೇಳಿಸಿಕೊಂಡಿರಲಿಲ್ಲ, ಅಷ್ಟೇ. ಕಾಫಿ ರೇಟಿಗೂ ಇದೇ ಮಾತು. ರೇಟು 200 ಏರಿತು ಅಂದರೆ 'ರೋಸ್ ಬೈ', 200ಕ್ಕೆ ಏರಿತು ಅಂದರೆ 'ರೋಸ್ ಟು'.

ಇಂಗ್ಲಿಷ್ ಬರೆಯುವಾಗ ಕನ್ನಡವನ್ನು ಮರೆತುಬಿಡಿ ಅಂತ ಹೇಳುವವರು ಬಹಳ ಜನ. ನಾನು ಹಾಗೆ ಹೇಳುವುದಿಲ್ಲ. ಮೊದಲು ವಾಕ್ಯವನ್ನು ಕನ್ನಡದಲ್ಲೇ ಪೂರ್ತಿ ಹೇಳಿಕೊಳ್ಳಿ. ಪದದ ಬಾಲದಲ್ಲಿ ಏನು ಅಂಟಿದೆ ನೋಡಿ: 'ಅನ್ನು', 'ಇಂದ', 'ಗೆ', 'ಅಲ್ಲಿ'. ಸ್ಕೂಲಿನಲ್ಲಿ ವಿಭಕ್ತಿ ಅಂತ ಬಾಯಿಪಾಠ ಮಾಡಿದ್ದೇವಲ್ಲ, ಅದೇ. ನಾವು ಹಿಂದೆ ಅಂಟಿಸುವುದನ್ನು ಇಂಗ್ಲಿಷ್‌ನವರು ಮುಂದೆ ಬಿಡಿಯಾಗಿ ಇಡುತ್ತಾರೆ. ಆ ಬಾಲಗಳಲ್ಲಿ ಕೆಲವು ನಂಬಿಕಸ್ಥ, ಕೆಲವು ದಾರಿ ತಪ್ಪಿಸುತ್ತವೆ. ಯಾವುದು ಯಾವುದು ಅಂತ ಗೊತ್ತಿದ್ದರೆ ಅರ್ಧ ತಪ್ಪು ಅಲ್ಲೇ ನಿಲ್ಲುತ್ತದೆ.

ನಂಬಬಹುದಾದವು

'ಒಳಗೆ' ಮತ್ತು 'ವರೆಗೆ' ಎರಡನ್ನೂ ಕಣ್ಣು ಮುಚ್ಚಿ ನಂಬಬಹುದು. 'ಶುಕ್ರವಾರದೊಳಗೆ ಹಣ ಕಟ್ಟುತ್ತೇವೆ' ಅಂದರೆ 'ಬೈ ಫ್ರೈಡೇ'. 'ಶುಕ್ರವಾರದವರೆಗೆ ಆಫೀಸು ತೆರೆದಿರುತ್ತದೆ' ಅಂದರೆ 'ಅಂಟಿಲ್ ಫ್ರೈಡೇ'. ಮೊದಲನೆಯದರಲ್ಲಿ ಕೆಲಸ ಒಂದು ಸಲ ಆಗಿ ಮುಗಿಯುತ್ತದೆ. ಎರಡನೆಯದರಲ್ಲಿ ಅದು ಉದ್ದಕ್ಕೂ ನಡೆಯುತ್ತಿರುತ್ತದೆ. ಇವನ್ನು ಅದಲು ಬದಲು ಮಾಡಿದರೆ ದುಡ್ಡಿನ ವಿಷಯದಲ್ಲಿ ಜಗಳವೇ ಆಗಬಹುದು.

'ಮೂರು ದಿನದೊಳಗೆ' ಅಂದಾಗ ಮಾತ್ರ 'ವಿದಿನ್ ತ್ರೀ ಡೇಸ್' ಬರೆಯಿರಿ. ಸುಮ್ನೆ 'ಇನ್ ತ್ರೀ ಡೇಸ್' ಅಂತ ಬರೆದರೆ ಸಾಮಾನ್ಯವಾಗಿ ಮೂರು ದಿನ ಕಳೆದ ಮೇಲೆ ಅಂತ ಓದಿಕೊಳ್ಳುತ್ತಾರೆ.

'ಅಲ್ಲಿ' ಬಂದರೆ ಚಿತ್ರ ನೋಡಿ

ಕನ್ನಡಕ್ಕೆ ಒಂದೇ 'ಅಲ್ಲಿ' ಸಾಕು. ಇಂಗ್ಲಿಷ್‌ಗೆ 'ಇನ್', 'ಆನ್', 'ಅಟ್' ಮೂರು ಬೇಕು. ಹಾಗಾಗಿ ಇಲ್ಲಿ ಕನ್ನಡ ಕೈ ಹಿಡಿಯುವುದಿಲ್ಲ. ಆ ಜಾಗವನ್ನು ಮನಸ್ಸಿನಲ್ಲಿ ಬಿಡಿಸಿಕೊಳ್ಳಬೇಕು. ನಾಲ್ಕು ಕಡೆ ಸುತ್ತುವರಿದ ಜಾಗವೋ? 'ಇನ್'. ಹಾಸುಗಲ್ಲಿನ ಹಾಗೆ ಹರಡಿದ್ದೋ, ಗೆರೆಯ ಹಾಗೆ ಉದ್ದಕ್ಕೆ ಇದ್ದದ್ದೋ? 'ಆನ್'. ಭೂಪಟದ ಮೇಲೆ ಪೆನ್ನಿನಿಂದ ಇಟ್ಟ ಚುಕ್ಕಿಯೋ? 'ಅಟ್'.

ನಮ್ಮ ಕಡೆಯ ಜಾಗಗಳನ್ನೇ ಇಟ್ಟು ನೋಡಿ. ಬೇಲೂರು ಹಾಸನ ಜಿಲ್ಲೆಯಲ್ಲಿದೆ, ಜಿಲ್ಲೆಗೆ ಗಡಿ ಇದೆ, 'ಇನ್'. ಸಕಲೇಶಪುರ ಹೇಮಾವತಿ ದಂಡೆಯಲ್ಲಿದೆ, ನದಿ ಒಂದು ಗೆರೆ, 'ಆನ್ ದಿ ಹೇಮಾವತಿ'. ಅದೇ ಊರು ಬೆಂಗಳೂರು-ಮಂಗಳೂರು ಹೆದ್ದಾರಿಯಲ್ಲೂ ಇದೆ, ಅದೂ ಗೆರೆಯೇ, 'ಆನ್ ದಿ ಹೈವೇ'. ಕಡೂರು ಸ್ಟೇಷನ್ನಿನಲ್ಲಿ ಕಾಯುತ್ತೇನೆ ಅಂದರೆ ಅದು ಭೇಟಿಯಾಗುವ ಚುಕ್ಕಿ, 'ಅಟ್ ಕಡೂರು ಸ್ಟೇಷನ್'.

ಈಗ ಎಸ್ಟೇಟು. ಬೇಲಿ ಇದೆ, ಗೇಟು ಇದೆ, ಹಾಗಾಗಿ 'ಇನ್' ಇರಬೇಕು ಅಂತ ನಾನು ವರ್ಷಗಟ್ಟಲೆ 'ವರ್ಕಿಂಗ್ ಇನ್ ದಿ ಎಸ್ಟೇಟ್' ಅಂತ ಬರೆದೆ. ಇಂಗ್ಲಿಷ್‌ನವರು ಹೇಳುವುದು 'ಆನ್ ದಿ ಎಸ್ಟೇಟ್'. 'ಆನ್ ಎ ಫಾರ್ಮ್', 'ಆನ್ ಎ ಪ್ಲಾಂಟೇಶನ್' ಕೂಡ ಹಾಗೆಯೇ. ಅವರ ಕಣ್ಣಿಗೆ ಎಸ್ಟೇಟು ಅಂದರೆ ಕಾಲ ಕೆಳಗಿನ ನೆಲ. ಆದರೆ ಹೊಲ 'ಇನ್ ದಿ ಫೀಲ್ಡ್', ಮನೆ ಹಿತ್ತಲು 'ಇನ್ ದಿ ಗಾರ್ಡನ್'. ಕಾಫಿ ನಾಡಿನಲ್ಲಿ ಇರುವವರು ಕೆಲಸದ ಅರ್ಜಿಯಲ್ಲಿ ಇದನ್ನು ಬರೆಯದೇ ಇರಲಿಕ್ಕಾಗದು, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಬಸ್ಸಿನದು ಇನ್ನೊಂದು. ಬಸ್ಸು, ರೈಲು, ವಿಮಾನ ಇವಕ್ಕೆ 'ಆನ್'. ಕಾರು, ಜೀಪು, ಆಟೋ ಇವಕ್ಕೆ 'ಇನ್'. ಒಳಗೆ ಎದ್ದು ನಡೆದಾಡಬಹುದಾದರೆ 'ಆನ್', ಬಗ್ಗಿ ಹತ್ತಿ ಕೂತೇ ಇರಬೇಕಾದರೆ 'ಇನ್' ಅಂತ ಇಟ್ಟುಕೊಳ್ಳಿ. ಇಳಿಯುವಾಗಲೂ ಅದೇ ಲೆಕ್ಕ: 'ಗಾಟ್ ಆಫ್ ದಿ ಬಸ್', ಆದರೆ 'ಗಾಟ್ ಔಟ್ ಆಫ್ ದಿ ಜೀಪ್'.

ಹೊತ್ತಿನ ವಿಷಯಕ್ಕೂ ಇದೇ ಮೂರು ಬರುತ್ತವೆ. ದೊಡ್ಡ ಅಳತೆಗೆ 'ಇನ್': ವರ್ಷ, ತಿಂಗಳು, ಮಳೆಗಾಲ. ದಿನಕ್ಕೆ 'ಆನ್': ಸೋಮವಾರ, 15ನೇ ತಾರೀಕು. ಗಂಟೆಗೆ 'ಅಟ್'. 'ಹೂ ಮಳೆ ಮಾರ್ಚ್‌ನಲ್ಲಿ ಬಂತು' ಅಂದರೆ 'ಇನ್ ಮಾರ್ಚ್', 'ಮಾರ್ಚ್ 15ರಂದು ಬಂತು' ಅಂದರೆ 'ಆನ್', 'ಹತ್ತು ಗಂಟೆಗೆ ಬಂತು' ಅಂದರೆ 'ಅಟ್'. ಒಂದು ಎಚ್ಚರ ಇರಲಿ. 'ನೆಕ್ಸ್ಟ್', 'ಲಾಸ್ಟ್', 'ದಿಸ್' ಬಂದ ಕಡೆ ಮೂರರಲ್ಲಿ ಯಾವುದೂ ಬೇಡ. 'ನೆಕ್ಸ್ಟ್ ಮಂಡೇ' ಅಷ್ಟೇ, 'ಆನ್ ನೆಕ್ಸ್ಟ್ ಮಂಡೇ' ಅಲ್ಲ.

'ಮೇಲೆ'ಯನ್ನು ನಂಬಬೇಡಿ

ಮರದಲ್ಲಿ ಹಣ್ಣಿದೆ, ಮರದ ಮೇಲೆ ಕೋತಿ ಇದೆ. ನಾವು ಹೀಗೆ ಹೇಳುತ್ತೇವೆ, ಅಲ್ವಾ? ಇಂಗ್ಲಿಷ್‌ನಲ್ಲಿ ಸರಿಯಾಗಿ ತಿರುಗುಮುರುಗು. ಹಣ್ಣು 'ಆನ್ ದಿ ಟ್ರೀ', ಕೋತಿ 'ಇನ್ ದಿ ಟ್ರೀ'. ಹಣ್ಣು ಕೊಂಬೆಗೆ ಅಂಟಿಕೊಂಡಿದೆ, ಕೋತಿ ಎಲೆಗಳ ನಡುವೆ ಹೊಕ್ಕು ಕೂತಿದೆ. ಆಫೀಸಿನ ಕಿಟಕಿಯಿಂದ ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ನೋಡುವಾಗಲೆಲ್ಲ ನನಗೆ ಇದು ನೆನಪಿಗೆ ಬರುತ್ತದೆ. ಮೆಣಸಿನ ಗೊಂಚಲು 'ಆನ್', ಅದನ್ನು ಕಿತ್ತು ತಿನ್ನುವ ಹಕ್ಕಿ 'ಇನ್'.

ಮನಸ್ಸಿನ ಮಾತಿಗೆ ಬಂದರೆ 'ಮೇಲೆ' ಇನ್ನೂ ಜಾಸ್ತಿ ಮೋಸ ಮಾಡುತ್ತದೆ. 'ನನ್ನ ಮೇಲೆ ಕೋಪ' ಅಂದದ್ದು 'ಆಂಗ್ರಿ ಆನ್ ಮಿ' ಆಗುವುದಿಲ್ಲ, 'ಆಂಗ್ರಿ ವಿತ್ ಮಿ' ಆಗಬೇಕು. 'ನಿಮ್ಮ ಮೇಲೆ ನಂಬಿಕೆ' ಅಂದದ್ದು 'ಫೇಯ್ತ್ ಇನ್ ಯು'. 'ಅವನ ಮೇಲೆ ದೂರು ಕೊಟ್ಟೆ' ಅಂದದ್ದು 'ಕಂಪ್ಲೇಂಟ್ ಅಗೇನ್‌ಸ್ಟ್ ಹಿಮ್'. ನಿಜವಾಗಿ ಒಂದು ವಸ್ತು ಇನ್ನೊಂದರ ಮೇಲೆ ಕೂತಿದ್ದರೆ ಮಾತ್ರ 'ಆನ್' ಅಂತ ಮೊದಲು ಯೋಚಿಸಿ. ಕೋಪ, ನಂಬಿಕೆ, ದೂರು ಎಲ್ಲೂ ಕೂರುವುದಿಲ್ಲ.

'ಇಂದ' ಅನ್ನುವ ದೊಡ್ಡ ಚೀಲ

ಕನ್ನಡದ 'ಇಂದ' ಒಂದು ಗೋಣಿಚೀಲ ಇದ್ದಂತೆ. ಅದರಲ್ಲಿ ಎಂಟು ಹತ್ತು ಬಗೆ ತುಂಬಿಸಿದ್ದೇವೆ. ಬರೆಯುವ ಮೊದಲು ಚೀಲ ಸುರಿದು ನೋಡಬೇಕು.

ಕತ್ತಿಯಿಂದ ಕಡಿದ: ಕೈಯಲ್ಲಿ ಹಿಡಿದ ಸಾಧನ, 'ವಿತ್'. ಆನೆಯಿಂದ ಗಿಡ ಹಾಳಾಯಿತು: ಮಾಡಿದ್ದು ಆನೆ, 'ಬೈ'. ಪರಿಹಾರಕ್ಕೆ ಅರ್ಜಿ ಬರೆಯುವಾಗ 'ಡ್ಯಾಮೇಜ್ಡ್ ಫ್ರಮ್ ಎಲಿಫೆಂಟ್ಸ್' ಅಂತ ಬರೆದದ್ದನ್ನು ನಾನು ಎಷ್ಟೋ ಸಲ ತಿದ್ದಿಕೊಟ್ಟಿದ್ದೇನೆ. ಹಾಸನದಿಂದ ಬಂದೆ: 'ಫ್ರಮ್'. ನೀರಿನಿಂದ ತುಂಬಿದೆ: 'ಫಿಲ್ಡ್ ವಿತ್', ಆದರೆ 'ಫುಲ್ ಆಫ್'. ಬೆಳ್ಳಿಯಿಂದ ಮಾಡಿದ ಲೋಟ: ನೋಡಿದರೆ ಬೆಳ್ಳಿ ಕಾಣುತ್ತದೆ, 'ಮೇಡ್ ಆಫ್'. ಹಾಲಿನಿಂದ ಮಾಡಿದ ಮೊಸರು: ಹಾಲು ಈಗ ಹಾಲಾಗಿ ಉಳಿದಿಲ್ಲ, 'ಮೇಡ್ ಫ್ರಮ್'.

ಮುಳ್ಳಯ್ಯನಗಿರಿ ಸಮುದ್ರ ಮಟ್ಟದಿಂದ 1,930 ಮೀಟರ್ ಎತ್ತರದಲ್ಲಿದೆ. ಇಲ್ಲಿ 'ಫ್ರಮ್ ಸೀ ಲೆವೆಲ್' ಅಂತ ಬರೆಯಲು ಕೈ ತಾನಾಗಿ ಹೋಗುತ್ತದೆ. ಬರೆಯಬೇಕಾದದ್ದು 'ಅಬೌವ್ ಸೀ ಲೆವೆಲ್'. ತೋಟದ ಎತ್ತರವನ್ನು ಖರೀದಿದಾರರು ಮೊದಲೇ ಕೇಳುತ್ತಾರೆ. ಹಾಗಾಗಿ ಇದು ನಮಗೆ ದಿನದ ಮಾತು.

ಎಲ್ಲಕ್ಕಿಂತ ಹೆಚ್ಚು ಎಡವುವುದು ಕಾಲದ 'ಇಂದ'ದಲ್ಲಿ. 'ಹತ್ತು ವರ್ಷದಿಂದ' ಮತ್ತು '2015ರಿಂದ', ಎರಡಕ್ಕೂ ಕನ್ನಡದಲ್ಲಿ ಒಂದೇ ಬಾಲ. ಇಂಗ್ಲಿಷ್‌ನಲ್ಲಿ ಬೇರೆ. ಎಷ್ಟು ಉದ್ದ ಅಂತ ಅಳೆದರೆ 'ಫಾರ್ ಟೆನ್ ಇಯರ್ಸ್'. ಎಲ್ಲಿ ಶುರುವಾಯಿತು ಅಂತ ತೋರಿಸಿದರೆ 'ಸಿನ್ಸ್ 2015'. ಕ್ಯಾಲೆಂಡರಿನಲ್ಲೋ ಗಡಿಯಾರದಲ್ಲೋ ಬೆರಳಿಟ್ಟು ತೋರಿಸಬಹುದಾದರೆ 'ಸಿನ್ಸ್', ಬೆರಳು ಮಡಚಿ ಎಣಿಸಬೇಕಾದರೆ 'ಫಾರ್'. ಜೊತೆಗೆ ಕ್ರಿಯಾಪದವೂ ಬದಲಾಗಬೇಕು: 'ಐ ಆ್ಯಮ್ ವರ್ಕಿಂಗ್' ಅಲ್ಲ, 'ಐ ಹ್ಯಾವ್ ಬೀನ್ ವರ್ಕಿಂಗ್'.

ಕ್ರಿಯಾಪದಕ್ಕೆ ಏನು ಬೇಕು ಅಂತ ಕೇಳಿ

'ಗೆ' ಬಂದ ಕಡೆ 'ಟು' ಹಾಕುವ ಅಭ್ಯಾಸ ನಮಗೆ. ಎಷ್ಟೋ ಸಲ ಸರಿ ಹೋಗುತ್ತದೆ. ತಪ್ಪಿದಾಗ ಎರಡು ರೀತಿ ತಪ್ಪುತ್ತದೆ: ಬೇಡದ ಕಡೆ ಹಾಕುತ್ತೇವೆ, ಬೇಕಾದ ಕಡೆ ಬಿಡುತ್ತೇವೆ.

'ಹಾಸನಕ್ಕೆ ತಲುಪಿದೆ': 'ರೀಚ್ಡ್ ಹಾಸನ್', ಮಧ್ಯೆ ಏನೂ ಬೇಡ. ಅದೇ 'ಅರೈವ್' ಬಳಸಿದರೆ ಊರಿಗೆ 'ಇನ್', ಸ್ಟೇಷನ್ನಿಗೆ 'ಅಟ್' ಬೇಕು. 'ನನಗೆ ಕಾಂಟ್ಯಾಕ್ಟ್ ಮಾಡಿ': 'ಕಾಂಟ್ಯಾಕ್ಟ್ ಮಿ'. 'ಮನೆಗೆ ಹೋದೆ': 'ವೆಂಟ್ ಹೋಮ್'. 'ಮೀಟಿಂಗ್‌ಗೆ ಅಟೆಂಡ್ ಆದೆ': 'ಅಟೆಂಡೆಡ್ ದಿ ಮೀಟಿಂಗ್'. 'ಅಟೆಂಡ್ ಟು' ಅಂತ ಬರೆದರೆ ಅರ್ಥವೇ ಬೇರೆ, ಆ ಕೆಲಸದ ಕಡೆ ಗಮನ ಕೊಡು ಅಂತಾಗುತ್ತದೆ. ಆದರೆ 'ನನಗೆ ವಿವರಿಸಿ' ಅನ್ನುವಾಗ 'ಎಕ್ಸ್‌ಪ್ಲೇನ್ ಟು ಮಿ' ಅಂತ 'ಟು' ಬೇಕೇ ಬೇಕು. 'ಅಪ್ಲೈ ಲೀವ್' ಅಂತ ಎಲ್ಲರೂ ಹೇಳುತ್ತಾರೆ, ಅದು 'ಅಪ್ಲೈ ಫಾರ್ ಲೀವ್' ಆಗಬೇಕು. ಬ್ಯಾಂಕಿಗೆ, ಸಾಲಕ್ಕೆ ಅಂತ ಎರಡು 'ಗೆ' ಬಂದರೆ 'ಅಪ್ಲೈ ಟು ದಿ ಬ್ಯಾಂಕ್ ಫಾರ್ ಎ ಲೋನ್'.

'ಗಿಂತ' ಬಂದರೆ 'ದ್ಯಾನ್', ಇದು ಸಾಮಾನ್ಯವಾಗಿ ಸರಿ. 'ಸೀನಿಯರ್', 'ಜೂನಿಯರ್', 'ಸುಪೀರಿಯರ್', 'ಪ್ರಿಫರ್' ಇವು ಮಾತ್ರ 'ಟು' ಕೇಳುತ್ತವೆ. 'ಟೀಗಿಂತ ಕಾಫಿ ಇಷ್ಟ': 'ಐ ಪ್ರಿಫರ್ ಕಾಫಿ ಟು ಟೀ'.

ಒಂದೇ ಪದ ಹೆಸರಾಗಿ (ನಾಮಪದ) ಬಂದಾಗ ಒಂದು ನಡತೆ, ಕೆಲಸವಾಗಿ (ಕ್ರಿಯಾಪದ) ಬಂದಾಗ ಇನ್ನೊಂದು ನಡತೆ ತೋರಿಸುವುದುಂಟು. ಹೆಚ್ಚಿನ ಗೊಂದಲ ಇಲ್ಲೇ ಹುಟ್ಟುವುದು. ಪ್ರತಿ ಕೊಯ್ಲಿಗೂ ಕ್ಯೂರಿಂಗ್ ವರ್ಕ್ಸ್‌ನಿಂದ ಗೋಣಿಚೀಲ ತರಿಸುತ್ತೇವೆ. 'ಅವರ್ ರಿಕ್ವೆಸ್ಟ್ ಫಾರ್ 50 ಬ್ಯಾಗ್ಸ್' ಸರಿ, ಅಲ್ಲಿ 'ರಿಕ್ವೆಸ್ಟ್' ಹೆಸರು. 'ವಿ ರಿಕ್ವೆಸ್ಟೆಡ್ 50 ಬ್ಯಾಗ್ಸ್' ಅನ್ನುವಾಗ 'ಫಾರ್' ಬೇಡ, ಅಲ್ಲಿ ಅದು ಕೆಲಸ. 'ಡಿಸ್ಕಶನ್ ಅಬೌಟ್' ಸರಿ, 'ಡಿಸ್ಕಸ್ ಅಬೌಟ್' ತಪ್ಪು. 'ಎಂಫಸಿಸ್ ಆನ್' ಸರಿ, 'ಎಂಫಸೈಜ್ ಆನ್' ತಪ್ಪು. ಆ ಹೆಸರಿನ ಜೊತೆ ಕೇಳಿದ ಶಬ್ದವನ್ನು ನಾವು ಕೆಲಸದ ಜೊತೆಗೂ ಕಟ್ಟಿಬಿಡುತ್ತೇವೆ.

ಇನ್ನು 'ಅಗ್ರೀ'. ವ್ಯಾಪಾರ ಮಾಡುವವರು ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಮನುಷ್ಯರ ಜೊತೆ 'ಅಗ್ರೀ ವಿತ್'. ಅವರು ಮುಂದಿಟ್ಟ ಷರತ್ತಿಗೆ 'ಅಗ್ರೀ ಟು'. ಇಬ್ಬರೂ ಕೂತು ಒಂದು ರೇಟಿಗೆ ಬಂದರೆ 'ಅಗ್ರೀ ಆನ್ ಎ ಪ್ರೈಸ್'. 'ವಿ ಅಗ್ರೀ ಟು ಯುವರ್ ಪ್ರೈಸ್' ಅಂತ ಬರೆದಿರೋ, ಅವರು ಹೇಳಿದ ರೇಟಿಗೆ ನೀವು ಒಪ್ಪಿದಿರಿ ಅಂತಲೇ ಅರ್ಥ. ಮಾತುಕತೆ ಮುಗಿಯಿತು.

ಅನುಮಾನ ಬಂದಾಗ ಎಲ್ಲಿ ನೋಡುವುದು

ನಿಘಂಟಿನಲ್ಲಿ. ಆದರೆ ಅರ್ಥ ಮಾತ್ರ ಕೊಡುವ ನಿಘಂಟಿನಲ್ಲಲ್ಲ, ಕಲಿಯುವವರಿಗೆ ಅಂತಲೇ ಮಾಡಿದ ನಿಘಂಟಿನಲ್ಲಿ. ಎ. ಎಸ್. ಹಾರ್ನ್‌ಬಿ ಅನ್ನುವವರು ಜಪಾನ್‌ನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದರು. ಪರಭಾಷೆಯ ಮಕ್ಕಳು ಎಲ್ಲಿ ಎಡವುತ್ತಾರೆ ಅಂತ ಕ್ಲಾಸಿನಲ್ಲೇ ನೋಡಿದ್ದ ಅವರು, ಜೊತೆಯವರೊಂದಿಗೆ ಸೇರಿ ಮಾಡಿದ ನಿಘಂಟು 1942ರಲ್ಲಿ ಅಲ್ಲೇ ಅಚ್ಚಾಯಿತು. 1948ರಲ್ಲಿ ಆಕ್ಸ್‌ಫರ್ಡ್‌ನವರು ಅದನ್ನು ತಂದರು. ಇವತ್ತು ಅದರ ಹೊಸ ರೂಪ ಮೊಬೈಲಿನಲ್ಲಿ ಪುಕ್ಕಟೆ ಸಿಗುತ್ತದೆ. ಕೇಂಬ್ರಿಜ್, ಲಾಂಗ್‌ಮನ್ ಅವರದೂ ಸಿಗುತ್ತದೆ.

ಹುಡುಕುವಾಗ 'ಆನ್' ಅಂತ ಹುಡುಕಬೇಡಿ. ಅದರ ಅರ್ಥಗಳ ಕಾಡಿನಲ್ಲಿ ಕಳೆದುಹೋಗುತ್ತೀರಿ. ಅದರ ಪಕ್ಕದ ದೊಡ್ಡ ಪದವನ್ನು ಹುಡುಕಿ: 'ಡಿಸ್ಕಸ್', 'ಆಂಗ್ರಿ', 'ರಿಪ್ಲೈ'. ಅರ್ಥ ಬಿಟ್ಟು ಕೆಳಗಿನ ಉದಾಹರಣೆ ವಾಕ್ಯಗಳಿಗೆ ಇಳಿಯಿರಿ. ಆ ಪದದ ಜೊತೆ ಬರುವ ಪುಟ್ಟ ಪದವನ್ನು ಅಲ್ಲಿ ದಪ್ಪ ಅಕ್ಷರದಲ್ಲಿ ತೋರಿಸಿರುತ್ತಾರೆ.

ಗೂಗಲ್‌ನಲ್ಲಿ ಎರಡು ಉದ್ಧರಣ ಚಿಹ್ನೆಗಳ ನಡುವೆ ಪೂರ್ತಿ ತುಣುಕನ್ನು ಹಾಕಿ ಹುಡುಕುವುದೂ ಒಂದು ದಾರಿ. ಎಷ್ಟು ಸಿಕ್ಕಿತು ಅಂತ ನೋಡಬೇಡಿ, ಯಾರು ಬರೆದಿದ್ದಾರೆ ಅಂತ ನೋಡಿ. 'ಡಿಸ್ಕಸ್ ಅಬೌಟ್' ಕೂಡ ಬೇಕಾದಷ್ಟು ಸಿಗುತ್ತದೆ. ಕೆಲವು ಕಡೆ ಎರಡೂ ಸರಿ ಇರುತ್ತದೆ. ಬ್ರಿಟನ್‌ನವರು 'ಅಟ್ ದಿ ವೀಕೆಂಡ್' ಅನ್ನುತ್ತಾರೆ, ಅಮೆರಿಕದವರು 'ಆನ್ ದಿ ವೀಕೆಂಡ್'. ಅರ್ಜಿ ತುಂಬುವುದಕ್ಕೆ 'ಫಿಲ್ ಇನ್', 'ಫಿಲ್ ಔಟ್' ಎರಡೂ ನಡೆಯುತ್ತದೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಒಂದು ಪತ್ರದಲ್ಲಿ ಒಂದೇ ಇರಲಿ.

ಸಿಕ್ಕಿದ್ದನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ನಿಯಮ ಬರೆಯಬೇಡಿ, ನಿಮ್ಮದೇ ವಾಕ್ಯ ಬರೆಯಿರಿ. ನನ್ನ ನೋಟ್‌ಬುಕ್ ಹಳೆಯ ಹಾಜರಿ ಪುಸ್ತಕದ ಖಾಲಿ ಹಾಳೆಗಳು. 'ರೆಡ್ಯೂಸ್' ಅನ್ನುವ ಕಡೆ ಇವತ್ತಿಗೂ ಆ ಪಾರ್ಚ್‌ಮೆಂಟ್ ವಾಕ್ಯವೇ ಇದೆ.

ಅಣ್ಣನ ಮಗಳ ಮೇಲ್

ಅಣ್ಣನ ಮಗಳು ಹಾಸನದಲ್ಲಿ ಇಂಜಿನಿಯರಿಂಗ್ ಓದುತ್ತಾಳೆ. ಹೋದ ತಿಂಗಳು ರಜೆಗೆ ಬಂದವಳು ಜಗಲಿಯಲ್ಲಿ ಮೊಬೈಲ್ ಹಿಡಿದು ಕೂತಿದ್ದಳು. 'ಚಿಕ್ಕಪ್ಪ, ಇಂಟರ್ನ್‌ಶಿಪ್‌ಗೆ ಒಂದು ಮೇಲ್ ಹಾಕಬೇಕು. ಇಲ್ಲಿ ಇನ್ನಾ, ಆನ್ನಾ, ಅಟ್ಟಾ?' ಅಂದಳು.

ನಾಲ್ಕು ವಾಕ್ಯ ಬರೆದಿದ್ದಳು. 'ಐ ಆ್ಯಮ್ ಸ್ಟಡಿಯಿಂಗ್ ಇನ್ ಹಾಸನ್ ಸಿನ್ಸ್ ತ್ರೀ ಇಯರ್ಸ್. ಐ ವಾಂಟ್ ಟು ಡಿಸ್ಕಸ್ ಅಬೌಟ್ ದಿ ಇಂಟರ್ನ್‌ಶಿಪ್. ಐ ಕ್ಯಾನ್ ರೀಚ್ ಟು ಯುವರ್ ಆಫೀಸ್ ಆನ್ ನೆಕ್ಸ್ಟ್ ಮಂಡೇ. ಪ್ಲೀಸ್ ರಿಪ್ಲೈ ಮಿ ಅಂಟಿಲ್ ಫ್ರೈಡೇ.'

ನಾನು ಏನನ್ನೂ ತಿದ್ದಲಿಲ್ಲ. 'ಪುಟ್ಟಿ, ಇದನ್ನೇ ಕನ್ನಡದಲ್ಲಿ ಹೇಳು' ಅಂದೆ. 'ಮೂರು ವರ್ಷದಿಂದ ಹಾಸನದಲ್ಲಿ ಓದುತ್ತಿದ್ದೇನೆ.' 'ಮೂರು ವರ್ಷವನ್ನು ಬೆರಳಿಟ್ಟು ತೋರಿಸ್ತೀಯೋ, ಎಣಿಸ್ತೀಯೋ?' ಅಂದೆ. 'ಎಣಿಸ್ತೀನಿ' ಅಂದು ತಾನೇ 'ಫಾರ್' ಹಾಕಿದಳು. 'ಆ್ಯಮ್' ತೆಗೆದು 'ಹ್ಯಾವ್ ಬೀನ್' ಮಾಡಿದಳು. 'ಶುಕ್ರವಾರದೊಳಗೆ ಉತ್ತರ ಕೊಡಿ' ಅಂತ ಹೇಳುವಾಗ 'ಒಳಗೆ' ಅಂದ ಕೂಡಲೇ ನಿಲ್ಲಿಸಿದಳು. 'ಅಂಟಿಲ್' ಹೋಗಿ 'ಬೈ' ಬಂತು. 'ಡಿಸ್ಕಸ್' ಮತ್ತು 'ರಿಪ್ಲೈ' ಎರಡನ್ನೂ ನಿಘಂಟಿನಲ್ಲಿ ನೋಡಲು ಹೇಳಿದೆ. ಮೊದಲನೆಯದಕ್ಕೆ 'ಅಬೌಟ್' ಬೇಡ, ಎರಡನೆಯದಕ್ಕೆ 'ಟು' ಬೇಕು. 'ಒಂದಕ್ಕೆ ಬೇಡ, ಇನ್ನೊಂದಕ್ಕೆ ಬೇಕು ಅಂದ್ರೆ ಯಾಕೆ ಹಾಗೆ?' ಅಂತ ಕೇಳಿದಳು. 'ಅವನಿಗೆ ಹೇಳಿದೆವು, ಆದರೆ ಅವನನ್ನು ಕೇಳಿದೆವು ಅಂತೀವಿ. ಅದು ಯಾಕೆ ಹಾಗೆ ಅಂತ ನೀನು ಹೇಳು' ಅಂದೆ. ಸ್ವಲ್ಪ ಹೊತ್ತು ಯೋಚಿಸಿ, ಸುಮ್ಮನೆ ಮುಂದಿನ ವಾಕ್ಯಕ್ಕೆ ಹೋದಳು.

'ರೀಚ್'ನ 'ಟು', 'ನೆಕ್ಸ್ಟ್'ನ 'ಆನ್' ಎರಡೂ ಹೋದವು. ಕೊನೆಗೆ 'ಲುಕಿಂಗ್ ಫಾರ್ವರ್ಡ್ ಟು ಹಿಯರ್ ಫ್ರಮ್ ಯು' ಅಂತ ಸೇರಿಸಿದಳು. ಇಲ್ಲಿ 'ಟು' ನೋಡಿದ ತಕ್ಷಣ 'ಟು ಗೋ', 'ಟು ಸೀ' ಹಾಗೆ ಇರಬೇಕು ಅನ್ನಿಸುತ್ತದೆ. ಇದು ಆ 'ಟು' ಅಲ್ಲ. ಇದರ ಮುಂದೆ ಹೆಸರು ಬರಬೇಕು: 'ಲುಕಿಂಗ್ ಫಾರ್ವರ್ಡ್ ಟು ಯುವರ್ ರಿಪ್ಲೈ' ಅನ್ನುವ ಹಾಗೆ. ಕೆಲಸವನ್ನೇ ಇಡಬೇಕಾದರೆ ಅದಕ್ಕೆ 'ಇಂಗ್' ಹಚ್ಚಿ ಹೆಸರು ಮಾಡಿಕೊಳ್ಳಬೇಕು. ಅವಳು 'ಹಿಯರ್' ಅಳಿಸಿ 'ಹಿಯರಿಂಗ್' ಅಂತ ಹಾಕಿದಳು. ಒಂದು ಸಲ ಜೋರಾಗಿ ಓದಿ, ಸೆಂಡ್ ಒತ್ತಿದಳು.